ಕರ್ನಲ್ ಅಪ್‌ಡೇಟ್ ಆದ್ಮೇಲೆ ಡ್ರೈವರ್ ಬಿಲ್ಡ್ ಆಗ್ತಿಲ್ವಾ? ಎರರ್ ಹಿಡಿಯೋದ್ರಿಂದ ಹಿಡಿದು ಪ್ಯಾಕೇಜ್ ಮಾಡೋವರೆಗೆ ಸಮಗ್ರ ಮಾರ್ಗದರ್ಶಿ

ಲಿನಕ್ಸ್‌ನಲ್ಲಿ ಕರ್ನಲ್ (ಸಿಸ್ಟಮ್ಮಿನ ತಿರುಳು ಪ್ರೋಗ್ರಾಂ) ಅಪ್‌ಡೇಟ್ ಆದ್ಮೇಲೆ ಡ್ರೈವರ್ ಬಿಲ್ಡ್ ಫೇಲ್ ಆಯ್ತು ಅಂತ ಸಹಾಯ ಕೇಳೋರಲ್ಲಿ ಬಹಳಷ್ಟು ಜನ ಕಳಿಸೋದು ಒಂದೇ ಸಾಲು, "ಬ್ಯಾಡ್ ರಿಟರ್ನ್ ಸ್ಟೇಟಸ್ ಫಾರ್ ಮಾಡ್ಯೂಲ್ ಬಿಲ್ಡ್". ಆ ಸಾಲಿನಿಂದ ಏನೂ ಗೊತ್ತಾಗಲ್ಲ. ಒಳಗಡೆ ಎಲ್ಲೋ ಕೆಲಸ ಕೆಟ್ಟಿದೆ ಅಂತ ಡಿಕೆಎಂಎಸ್ (ಕರ್ನಲ್ ಬದಲಾದಾಗೆಲ್ಲ ಹೊರಗಿನ ಡ್ರೈವರನ್ನ ತಾನಾಗೇ ಮತ್ತೆ ಬಿಲ್ಡ್ ಮಾಡೋ ಟೂಲ್) ಹೇಳ್ತಿದೆ ಅಷ್ಟೇ, ಕೆಟ್ಟಿದ್ದು ಎಲ್ಲಿ ಅಂತ ಹೇಳಿಲ್ಲ. ಅದನ್ನೇ ಸರ್ಚ್ ಮಾಡಿ ಸಿಕ್ಕ ಹತ್ತು ಕಮಾಂಡನ್ನ ಒಂದಾದ ಮೇಲೊಂದು ಓಡಿಸಿದ್ರೆ ಮೊದಲು ಇದ್ದ ಒಂದು ತೊಂದರೆ ಮೂರಾಗತ್ತೆ, ಆಮೇಲೆ ಯಾವುದು ಮೂಲ ತೊಂದರೆ ಯಾವುದು ನಾವೇ ತಂದುಕೊಂಡಿದ್ದು ಅಂತ ಬಿಡಿಸೋದಕ್ಕೇ ಅರ್ಧ ದಿನ ಹೋಗತ್ತೆ.

ಈ ಕೆಲಸಕ್ಕೆ ಒಂದು ಕ್ರಮ ಇದೆ. ಹಾರ್ಡ್‌ವೇರ್, ಹೆಡರ್ (ಡ್ರೈವರ್ ಬಿಲ್ಡ್‌ಗೆ ಬೇಕಾದ ಕರ್ನಲ್‌ನ ಫೈಲ್‌ಗಳು), ಕಂಪೈಲರ್ (ಕೋಡನ್ನ ಪ್ರೋಗ್ರಾಂ ಮಾಡೋ ಟೂಲ್), ಕೋಡ್, ಡಿಕೆಎಂಎಸ್, ಸಹಿ, ಲೋಡ್, ಕೊನೆಗೆ ಪ್ಯಾಕೇಜ್. ಯಾವ ಹಂತದಲ್ಲಿ ಬಿದ್ದಿದೆ ಅಂತ ಖಚಿತ ಆಗೋವರೆಗೂ, ಕೆಳಗೆ ಹೇಳಿರೋ ನಾಲ್ಕು ಪ್ಯಾಕೇಜ್ ಬಿಟ್ಟು, ಏನನ್ನೂ ಹೊಸದಾಗಿ ಇನ್‌ಸ್ಟಾಲ್ ಮಾಡ್ಬೇಡಿ, ಏನನ್ನೂ ಅಳಿಸ್ಬೇಡಿ.

ಉಬುಂಟು ಮತ್ತೆ ಡೆಬಿಯನ್ ಇಟ್ಕೊಂಡು ಬರೆದಿದೀನಿ, ಫೆಡೋರಾ ಆರ್ಚ್‌ನಲ್ಲಿ ಬೇರೆ ಇರೋ ಕಡೆ ಹೇಳ್ತೀನಿ. ಉದಾಹರಣೆಗೆ ಹೆಚ್ಚಾಗಿ ರಿಯಲ್‌ಟೆಕ್ ವೈಫೈ ಡ್ರೈವರ್ ತಗೊಂಡಿದೀನಿ, ಆದ್ರೆ ಎನ್ವಿಡಿಯಾ, ವರ್ಚುವಲ್‌ಬಾಕ್ಸ್, ಝಡ್‌ಎಫ್‌ಎಸ್ ಹೀಗೆ ಕರ್ನಲ್ ಮೂಲದ ಹೊರಗೆ ಇರೋ ಯಾವ ಮಾಡ್ಯೂಲ್‌ಗಾದ್ರೂ (ಕರ್ನಲ್‌ಗೆ ಲೋಡ್ ಆಗೋ ಡ್ರೈವರ್ ತುಣುಕು) ಇದೇ ಕ್ರಮ. ಕಮಾಂಡ್‌ಗಳನ್ನ ಓದೋಕೆ ಸುಲಭ ಆಗ್ಲಿ ಅಂತ ಕನ್ನಡದಲ್ಲೇ ಬರೆದಿದೀನಿ, ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.

## ಮೊದಲು ಏನೇನು ಬೇಕು

ಬಿಲ್ಡ್-ಎಸೆನ್ಶಿಯಲ್, ಡಿಕೆಎಂಎಸ್, ಗಿಟ್, ಮೋಕ್‌ಯುಟಿಲ್ ಈ ನಾಲ್ಕು ಪ್ಯಾಕೇಜ್. ಎಲ್‌ಎಸ್‌ಪಿಸಿಐ, ಎಲ್‌ಎಸ್‌ಯುಎಸ್‌ಬಿ, ಮಾಡ್‌ಇನ್ಫೋ, ಡಿಮೆಸೇಜ್ ಸಾಮಾನ್ಯವಾಗಿ ಮೊದಲೇ ಇರತ್ತೆ. ಜೊತೆಗೆ ಒಂದು ಆಂಡ್ರಾಯ್ಡ್ ಫೋನು, ಡೇಟಾ ಹೋಗೋ ಯುಎಸ್‌ಬಿ ಕೇಬಲ್ಲು. ಬರೀ ಚಾರ್ಜಿಂಗ್ ಕೇಬಲ್ ಆದ್ರೆ ಆಗಲ್ಲ.

ಕೆಲಸ ಮಾಡೋ ಫೋಲ್ಡರ್ ಹೆಸರಲ್ಲಿ ಖಾಲಿ ಜಾಗ ಮತ್ತೆ ಕೋಲನ್ ಇರಬಾರ್ದು, ಕರ್ನಲ್ ಬಿಲ್ಡ್ ವ್ಯವಸ್ಥೆ ಅದನ್ನ ಒಪ್ಪಲ್ಲ. "ಹೊಸ ಫೋಲ್ಡರ್" ಅಂತ ಡೆಸ್ಕ್‌ಟಾಪ್ ಮೇಲೆ ಮಾಡ್ಕೊಂಡು ಅದರೊಳಗೆ ಬಿಲ್ಡ್ ಮಾಡೋಕೆ ಹೋದ್ರೆ ಅಲ್ಲೇ ನಿಲ್ಲತ್ತೆ. ಹೋಮ್ ಡೈರೆಕ್ಟರಿ ಒಳಗೆ ಇಂಗ್ಲಿಷ್ ಅಕ್ಷರದ ಒಂದೇ ಪದದ ಫೋಲ್ಡರ್ ಸಾಕು. ಸಿಸ್ಟಮ್ ಭಾಷೆ ಕನ್ನಡಕ್ಕೆ ಇಟ್ಕೊಂಡಿರೋರು ಬಿಲ್ಡ್ ಮಾಡೋ ಟರ್ಮಿನಲ್‌ನಲ್ಲಿ ಮಾತ್ರ ಎಲ್‌ಸಿ_ಆಲ್=ಸಿ ಅಂತ ಎಕ್ಸ್‌ಪೋರ್ಟ್ ಮಾಡ್ಕೊಳ್ಳಿ, ಎಲ್ಲಾ ಮೆಸೇಜೂ ಇಂಗ್ಲಿಷ್‌ನಲ್ಲೇ ಬರತ್ತೆ, ಬೇರೆಯವ್ರು ಹಾಕಿರೋ ಲಾಗ್ ಜೊತೆ ಹೋಲಿಸಿ ನೋಡ್ಬಹುದು.

## ಹಂತ 1: ವಾಪಸ್ ಹೋಗೋ ದಾರಿ ಮೊದಲು ಇಟ್ಕೊಳ್ಳಿ

ವೈಫೈ ಡ್ರೈವರ್ ಸರಿ ಮಾಡೋಕೆ ಇಂಟರ್ನೆಟ್ ಬೇಕು, ಇಂಟರ್ನೆಟ್‌ಗೆ ವೈಫೈ ಡ್ರೈವರ್ ಬೇಕು. ಇದರಿಂದ ಹೊರಗೆ ಬರೋಕೆ ಫೋನ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಅದಕ್ಕೆ ಬೇಕಾದ ಡ್ರೈವರ್ ಎಲ್ಲಾ ಮುಖ್ಯ ಡಿಸ್ಟ್ರೋಗಳ ಕರ್ನಲ್ ಜೊತೆಗೇ ಬರತ್ತೆ.

ಎರಡನೇದು, ಹಳೇ ಕರ್ನಲ್ ಉಳಿಸ್ಕೊಳ್ಳಿ. ಬೂಟ್ ಆಗೋವಾಗ ಬರೋ ಗ್ರಬ್ ಮೆನುನಲ್ಲಿ "ಅಡ್ವಾನ್ಸ್‌ಡ್ ಆಪ್ಶನ್ಸ್" ಒಳಗೆ ಹೋದ್ರೆ ಹಿಂದಿನ ಕರ್ನಲ್ ಕಾಣತ್ತೆ, ಅದರಲ್ಲಿ ಡ್ರೈವರ್ ಕೆಲಸ ಮಾಡತ್ತಾ ನೋಡಿ. ಮಾಡಿದ್ರೆ ಹಾರ್ಡ್‌ವೇರ್ ಸರಿ ಇದೆ, ತೊಂದರೆ ಹೊಸ ಕರ್ನಲ್ ಜೊತೆಗಿನ ಬಿಲ್ಡ್‌ನಲ್ಲೇ ಇದೆ ಅಂತ ಆಯ್ತು. ಈ ಒಂದು ಪರೀಕ್ಷೆ ಅರ್ಧ ಅನುಮಾನ ಕಳೆಯತ್ತೆ. ಕೆಲಸ ಪೂರ್ತಿ ಮುಗಿಯೋವರೆಗೂ ಆಟೋರಿಮೂವ್ ಓಡಿಸ್ಬೇಡಿ, ಅದು ಹಳೇ ಕರ್ನಲ್ ಅಳಿಸಿಬಿಡ್ಬಹುದು. ಊರು ಕೊಳ್ಳೆ ಹೋದ್ಮೇಲೆ ಕೋಟೆ ಬಾಗಿಲು ಹಾಕಿ ಪ್ರಯೋಜನ ಇಲ್ಲ.

ಆರ್ಚ್ ಬಳಸೋರಿಗೆ ಒಂದು ಮಾತು. ಅಲ್ಲಿ ಕರ್ನಲ್ ಅಪ್‌ಗ್ರೇಡ್ ಆದ ಕೂಡ್ಲೇ ಓಡ್ತಾ ಇರೋ ಕರ್ನಲ್‌ನ ಮಾಡ್ಯೂಲ್ ಫೋಲ್ಡರ್ ಅಳಿಸಿ ಹೋಗತ್ತೆ, ಆಗ ರೀಬೂಟ್ ಮಾಡದೇ ಹೊಸ ಯುಎಸ್‌ಬಿ ಸಾಧನ ಚುಚ್ಚಿದ್ರೆ ಅದರ ಡ್ರೈವರ್ ಲೋಡ್ ಆಗಲ್ಲ. ಅದು ಡ್ರೈವರ್ ತಪ್ಪಲ್ಲ, ರೀಬೂಟ್ ಮಾಡಿ ಆಮೇಲೆ ನೋಡಿ.

## ಹಂತ 2: ಈ ಡ್ರೈವರ್ ನಿಜವಾಗ್ಲೂ ಬೇಕಾ?

ತುಂಬಾ ಜನ ಹಾರಿಬಿಡೋ ಹಂತ ಇದು, ಹಾರಿದ್ದರಿಂದಲೇ ಇಲ್ಲದ ಕಷ್ಟ ಮೈಮೇಲೆ ಎಳ್ಕೊಳ್ತಾರೆ. ಒಳಗಿನ ಕಾರ್ಡ್ ಆದ್ರೆ ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ, ಡಾಂಗಲ್ ಆದ್ರೆ ಎಲ್‌ಎಸ್‌ಯುಎಸ್‌ಬಿ ಓಡಿಸಿ ಚಿಪ್‌ನ ಐಡಿ ಬರ್ಕೊಳ್ಳಿ. ಡಬ್ಬದ ಮೇಲೆ ಬರೆದಿರೋ ಮಾಡೆಲ್ ಹೆಸರು ನಂಬ್ಬೇಡಿ, ಒಂದೇ ಹೆಸರಲ್ಲಿ ಬೇರೆ ಬೇರೆ ಚಿಪ್ ಹಾಕಿ ಮಾರ್ತಾರೆ.

ಈಗ ಕರ್ನಲ್ ಒಳಗೇ ಅದಕ್ಕೆ ಡ್ರೈವರ್ ಬಂದಿದೆಯಾ ನೋಡಿ. ರಿಯಲ್‌ಟೆಕ್ 8821ಸಿಇ ಚಿಪ್‌ಗೆ 5.9ನೇ ಕರ್ನಲ್‌ನಿಂದಲೇ ಆರ್‌ಟಿಡಬ್ಲ್ಯೂ88 ಅನ್ನೋ ಒಳಗಿನ ಡ್ರೈವರ್ ಇದೆ. ಅದೇ ಕುಟುಂಬದ ಯುಎಸ್‌ಬಿ ಚಿಪ್‌ಗಳು, ಅಂದ್ರೆ 8822ಬಿಯು, 8821ಸಿಯು ಇಂಥವು 6.2ರಲ್ಲಿ ಬಂದ್ವು. 8812ಎಯು ಮತ್ತೆ 8821ಎಯು 6.14ರಲ್ಲಿ ಸೇರಿದ್ವು. ಹಾಗಿದ್ರೂ ಹಳೇ ಲೇಖನ ನೋಡ್ಕೊಂಡು ಗಿಟ್‌ನಿಂದ ಯಾವತ್ತಿಂದೋ ಹೊರಗಿನ ಡ್ರೈವರ್ ಎಳೆದು ಬಿಲ್ಡ್ ಮಾಡೋಕೆ ಒದ್ದಾಡ್ತಾರೆ, ಇದನ್ನ ನೋಡಿದ್ರೆ ನಿಜವಾಗ್ಲೂ ಬೇಜಾರಾಗತ್ತೆ. ಒಳಗಿನ ಡ್ರೈವರ್ ಇದ್ರೆ ಅದನ್ನೇ ಬಳಸಿ, ಹೊರಗಿನದನ್ನ ತೆಗೆದುಹಾಕಿ. ಮೊದಲ ಪ್ರಯತ್ನಕ್ಕೇ ಸ್ಪೀಡ್ ಸ್ವಲ್ಪ ಕಡಿಮೆ ಬಂತು ಅಂತ ವಾಪಸ್ ಹೋಗ್ಬೇಡಿ, ಪ್ರತೀ ಕರ್ನಲ್ ಅಪ್‌ಡೇಟ್‌ಗೂ ಒಡೆಯೋ ಡ್ರೈವರ್‌ಗಿಂತ ಇದು ಎಷ್ಟೋ ಮೇಲು.

ಇನ್ನೊಂದು ಗುರುತು: ಎಲ್‌ಎಸ್‌ಯುಎಸ್‌ಬಿಯಲ್ಲಿ ರಿಯಲ್‌ಟೆಕ್ ಡಾಂಗಲ್ 0ಬಿಡಿಎ:1ಎ2ಬಿ ಅಂತ ಬಂದ್ರೆ ಅದು ಇನ್ನೂ ವೈಫೈ ಆಗಿ ಎದ್ದೇ ಇಲ್ಲ, ವಿಂಡೋಸ್ ಡ್ರೈವರ್ ಇರೋ ಸಿಡಿ ಡ್ರೈವ್ ಥರ ನಟಿಸ್ತಿದೆ. ಅಲ್ಲಿ ಬೇಕಾಗಿರೋದು ಯುಎಸ್‌ಬಿ-ಮೋಡ್‌ಸ್ವಿಚ್ ಪ್ಯಾಕೇಜ್, ಕಂಪೈಲರ್ ಅಲ್ಲ.

## ಹಂತ 3: ಹೆಡರ್ ಮತ್ತು ಕರ್ನಲ್ ಒಂದೇ ನಂಬರಾ?

ಯುನೇಮ್ -ಆರ್ ಓಡಿಸಿ. 6.8.0-45-ಜೆನೆರಿಕ್ ಅಂತ ಬಂತು ಅಂದ್ಕೊಳ್ಳಿ. ಈಗ /ಲಿಬ್/ಮಾಡ್ಯೂಲ್ಸ್/ ಒಳಗೆ ಅದೇ ಹೆಸರಿನ ಫೋಲ್ಡರ್, ಅದರೊಳಗೆ "ಬಿಲ್ಡ್" ಅನ್ನೋ ಕೊಂಡಿ ಇರ್ಬೇಕು, ಆ ಕೊಂಡಿ ಹೋಗೋ ಜಾಗ ನಿಜವಾಗ್ಲೂ ಇರ್ಬೇಕು. ಎಲ್‌ಎಸ್ -ಎಲ್ ಮಾಡಿದಾಗ ಕೊಂಡಿ ಕೆಂಪಗೆ ಕಾಣ್ತು ಅಂದ್ರೆ ಹೆಡರ್ ಇಲ್ಲ ಅಂತ ಅರ್ಥ.

ಹೆಡರ್ ಹಾಕೋವಾಗ ಒಂದೇ ನಂಬರಿನ ಪ್ಯಾಕೇಜ್ ಹಾಕಿ ಬಿಟ್ರೆ ಮುಂದಿನ ಅಪ್‌ಡೇಟ್‌ಗೆ ಮತ್ತೆ ಇದೇ ಗೋಳು. ಉಬುಂಟುನಲ್ಲಿ ಲಿನಕ್ಸ್-ಹೆಡರ್ಸ್-ಜೆನೆರಿಕ್, ಎಚ್‌ಡಬ್ಲ್ಯೂಇ ಕರ್ನಲ್ (ಹಳೇ ಉಬುಂಟುಗೆ ಕೊಡೋ ಹೊಸ ಕರ್ನಲ್) ಇದ್ರೆ ಅದರದೇ ಹೆಡರ್ ಮೆಟಾಪ್ಯಾಕೇಜ್, ಡೆಬಿಯನ್‌ನಲ್ಲಿ ಲಿನಕ್ಸ್-ಹೆಡರ್ಸ್-ಎಎಂಡಿ64 ಹಾಕಿ, ಕರ್ನಲ್ ಜೊತೆ ಹೆಡರೂ ತಾನಾಗೇ ಬರತ್ತೆ. ಫೆಡೋರಾದಲ್ಲಿ ಪ್ಯಾಕೇಜ್ ಹೆಸರು ಕರ್ನಲ್-ಡೆವೆಲ್, ಅಲ್ಲಿ ಕರ್ನಲ್-ಹೆಡರ್ಸ್ ಅನ್ನೋದು ಬೇರೆಯೇ ವಸ್ತು, ಅದರಿಂದ ಮಾಡ್ಯೂಲ್ ಬಿಲ್ಡ್ ಆಗಲ್ಲ. ಆರ್ಚ್‌ನಲ್ಲಿ ಎಲ್‌ಟಿಎಸ್ (ದೀರ್ಘ ಬೆಂಬಲದ) ಕರ್ನಲ್ ಓಡಿಸ್ತಿದ್ರೆ ಲಿನಕ್ಸ್-ಎಲ್‌ಟಿಎಸ್-ಹೆಡರ್ಸ್ ಬೇಕು, ಲಿನಕ್ಸ್-ಹೆಡರ್ಸ್ ಹಾಕಿ ಕೂತ್ರೆ ಏನೂ ಆಗಲ್ಲ.

ಮಾಡಬಾರದ ಕೆಲಸ: ಬೇರೆ ನಂಬರಿನ ಹೆಡರ್ ಫೋಲ್ಡರ್‌ಗೆ ಕೈಯಾರೆ ಕೊಂಡಿ ಹಾಕಿ "ಹತ್ರ ಹತ್ರ ಒಂದೇ ತಾನೇ" ಅಂತ ಬಿಲ್ಡ್ ಮಾಡೋದು. ಬಿಲ್ಡ್ ಆಗ್ಬಹುದು, ಲೋಡ್ ಮಾಡೋವಾಗ "ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್" ಅಂತ ಬಾಗಿಲು ಮುಚ್ಚತ್ತೆ.

## ಹಂತ 4: ಕರ್ನಲ್ ಯಾವ ಕಂಪೈಲರ್‌ನಲ್ಲಿ ಕಟ್ಟಿದ್ದು?

ಕ್ಯಾಟ್ /ಪ್ರಾಕ್/ವರ್ಶನ್ ಓಡಿಸಿದ್ರೆ ಕರ್ನಲ್ ಕಟ್ಟಿದ ಕಂಪೈಲರ್ ಹೆಸರು, ನಂಬರು ಬರತ್ತೆ. ಪಕ್ಕದಲ್ಲೇ ಜಿಸಿಸಿ --ವರ್ಶನ್ ಓಡಿಸಿ, ನಿಮ್ಮಲ್ಲಿರೋ ಕಂಪೈಲರ್ ನಂಬರ್ ಬರತ್ತೆ. ಎರಡೂ ಒಂದೇ ಆಗಿದ್ರೆ ಮುಂದಿನ ಹಂತಕ್ಕೆ ಹೋಗಿ.

ಬೇರೆ ಇದ್ರೆ ಏನಾಗತ್ತೆ ಅನ್ನೋದಕ್ಕೆ ಉಬುಂಟು 22.04 ಒಳ್ಳೇ ಉದಾಹರಣೆ. ಅದರಲ್ಲಿ ಡಿಫಾಲ್ಟ್ ಕಂಪೈಲರ್ ಜಿಸಿಸಿ 11. ಆಮೇಲೆ ಎಚ್‌ಡಬ್ಲ್ಯೂಇ ದಾರಿಯಲ್ಲಿ 6.5ನೇ ಕರ್ನಲ್ ಬಂತು, ಅದನ್ನ ಕಟ್ಟಿದ್ದು ಜಿಸಿಸಿ 12ರಲ್ಲಿ. ಕರ್ನಲ್ ತನ್ನನ್ನ ಕಟ್ಟಿದ ಆಯ್ಕೆಗಳನ್ನೇ ಹೊರಗಿನ ಮಾಡ್ಯೂಲ್‌ಗೂ ಕೊಡತ್ತೆ, ಅದರಲ್ಲಿ -ಎಫ್‌ಟ್ರಿವಿಯಲ್-ಆಟೋ-ವಾರ್-ಇನಿಟ್=ಝೀರೋ ಅನ್ನೋದೂ ಒಂದು, ಅದು ಜಿಸಿಸಿ 12ರಲ್ಲಿ ಹೊಸದಾಗಿ ಬಂದ ಆಯ್ಕೆ, 11ಕ್ಕೆ ಅದು ಗೊತ್ತೇ ಇಲ್ಲ. ಹಾಗಾಗಿ "ಅನ್‌ರೆಕಗ್ನೈಸ್‌ಡ್ ಕಮಾಂಡ್-ಲೈನ್ ಆಪ್ಶನ್" ಅಂತ ಹೇಳಿ ಮೊದಲ ಫೈಲ್‌ನಲ್ಲೇ ನಿಂತುಬಿಡ್ತು. ಡ್ರೈವರ್ ಕೋಡ್‌ನಲ್ಲಿ ಒಂದಕ್ಷರ ತಪ್ಪಿರಲಿಲ್ಲ, ಆದ್ರೂ ಎಷ್ಟೋ ಜನ ಡ್ರೈವರ್ ಹಾಳಾಗಿದೆ ಅಂತ ಬೇರೆ ಬೇರೆ ರೆಪೊಸಿಟರಿ ಹುಡುಕ್ಕೊಂಡು ಅಲೆದ್ರು. ಪರಿಹಾರ ಜಿಸಿಸಿ-12 ಪ್ಯಾಕೇಜ್ ಹಾಕೋದು, ಕೈಯಾರೆ ಬಿಲ್ಡ್ ಮಾಡೋದಾದ್ರೆ ಬಿಲ್ಡ್ ಓಡಿಸೋ ಮೇಕ್ ಕಮಾಂಡ್‌ಗೆ ಸಿಸಿ=ಜಿಸಿಸಿ-12 ಅಂತ ಕೊಡೋದು. ಡಿಕೆಎಂಎಸ್ ಮೂಲಕ ಮಾಡಿದಾಗ್ಲೂ ಅದೇ ಕಂಪೈಲರ್ ಹೋಗ್ತಿದೆಯಾ ಅಂತ ಲಾಗ್‌ನಲ್ಲಿ ಒಮ್ಮೆ ಕಣ್ಣಾಡಿಸಿ.

ಇದಕ್ಕೋಸ್ಕರ ಇಡೀ ಸಿಸ್ಟಮ್ಮಿನ ಜಿಸಿಸಿಯನ್ನೇ ಬದಲಾಯಿಸ್ಬೇಡಿ. /ಯುಎಸ್‌ಆರ್/ಬಿನ್ ಒಳಗಿನ ಜಿಸಿಸಿ ಕೊಂಡಿಯನ್ನ ಅಳಿಸಿ ಬೇರೆಯದಕ್ಕೆ ತಿರುಗಿಸಿದ್ರೆ ಇವತ್ತು ಈ ಡ್ರೈವರ್ ಆಗತ್ತೆ, ನಾಳೆ ಬೇರೆ ಯಾವುದೋ ಪ್ರಾಜೆಕ್ಟ್ ಒಡೆಯತ್ತೆ, ಆಗ ಕಾರಣ ಹೊಳೆಯೋದೇ ಇಲ್ಲ.

ಕೆಲವು ಕಸ್ಟಮ್ ಕರ್ನಲ್‌ಗಳನ್ನ ಕ್ಲ್ಯಾಂಗ್‌ನಲ್ಲಿ ಕಟ್ಟಿರ್ತಾರೆ. /ಪ್ರಾಕ್/ವರ್ಶನ್‌ನಲ್ಲಿ ಕ್ಲ್ಯಾಂಗ್ ಅಂತ ಇದ್ರೆ ಮೇಕ್‌ಗೆ ಎಲ್‌ಎಲ್‌ವಿಎಂ=1 ಕೊಡಿ, ಇಲ್ಲಾಂದ್ರೆ ಕ್ಲ್ಯಾಂಗ್‌ಗೆ ಮಾತ್ರ ಅರ್ಥ ಆಗೋ ಆಯ್ಕೆಗಳು ಜಿಸಿಸಿ ಕೈಗೆ ಹೋಗಿ ಅದೇ "ಅನ್‌ರೆಕಗ್ನೈಸ್‌ಡ್" ಸಾಲು ಬರತ್ತೆ.

## ಹಂತ 5: ಮೇಕ್ ಡಾಟ್ ಲಾಗ್ ಓದೋ ಬಗೆ

ಡಿಕೆಎಂಎಸ್ ಲಾಗ್ ಇರೋದು /ವಾರ್/ಲಿಬ್/ಡಿಕೆಎಂಎಸ್/ ಒಳಗೆ ಮಾಡ್ಯೂಲ್ ಹೆಸರು, ಅದರ ವರ್ಶನ್, ಆಮೇಲೆ ಬಿಲ್ಡ್ ಫೋಲ್ಡರ್‌ನಲ್ಲಿ ಮೇಕ್.ಲಾಗ್. ಇದನ್ನ ಕೆಳಗಿನಿಂದ ಓದ್ಬೇಡಿ. ಕೊನೇ ಸಾಲುಗಳು ಬರೀ ಮೇಕ್‌ನ ಹೊರಹೋಗೋ ಸದ್ದು. ಮೇಲಿನಿಂದ ಶುರು ಮಾಡಿ, ಗ್ರೆಪ್ -ಎನ್ ಹಾಕಿ "ಎರರ್:" ಅಂತ ಕೋಲನ್ ಸೇರಿಸಿ ಹುಡುಕಿ, ಮೊದಲು ಸಿಗೋ ಸಾಲು ಒಂದನ್ನ ಮಾತ್ರ ತಗೊಳ್ಳಿ. ಅದರ ಕೆಳಗೆ ನಲವತ್ತು ಎರರ್ ಇದ್ರೂ ತಲೆ ಕೆಡಿಸ್ಕೊಳ್ಬೇಡಿ, ಎಷ್ಟೋ ಸಲ ಒಂದು ಹೆಡರ್ ಫೈಲ್ ಸಿಗದೇ ಹೋಗಿದ್ದಕ್ಕೆ ಉಳಿದಿದ್ದೆಲ್ಲ ಸಾಲಾಗಿ ಬಿದ್ದಿರತ್ತೆ.

ಭಯ ಹುಟ್ಟಿಸೋ ಆದ್ರೆ ಏನೂ ಮಾಡದ ಸಾಲುಗಳು ಕೆಲವಿದೆ, ಇವನ್ನ ಸರಿಮಾಡೋಕೆ ಹೋಗಿ ಟೈಮ್ ಹಾಳು ಮಾಡ್ಕೊಳ್ಳೋರು ಬಹಳ:

- "ಸ್ಕಿಪ್ಪಿಂಗ್ ಬಿಟಿಎಫ್ ಜನರೇಶನ್ ... ಅನ್‌ಅವೈಲಬಿಲಿಟಿ ಆಫ್ ವಿಎಂಲಿನಕ್ಸ್". ಡೀಬಗ್ ಮಾಹಿತಿ ಸೇರಿಸಲಿಲ್ಲ ಅಂತ ಅಷ್ಟೇ, ಮಾಡ್ಯೂಲ್ ಸರಿಯಾಗೇ ಬಿಲ್ಡ್ ಆಗಿದೆ.
- "ದ ಕಂಪೈಲರ್ ಡಿಫರ್ಸ್ ಫ್ರಮ್ ದ ಒನ್ ಯೂಸ್‌ಡ್ ಟು ಬಿಲ್ಡ್ ದ ಕರ್ನಲ್". ಇದು ಎಚ್ಚರಿಕೆ, ಎರರ್ ಅಲ್ಲ. ಎರಡರ ಹೆಸರೂ ಕೆಳಗೇ ಬರೆದಿರತ್ತೆ, ಕೊನೇ ಅಂಕಿ ಮಾತ್ರ ಬೇರೆ ಇದ್ರೆ ಬಿಟ್ಟುಬಿಡಿ, ಮೊದಲ ಅಂಕಿಯೇ ಬೇರೆ ಇದ್ರೆ ಹಂತ 4ಕ್ಕೆ ವಾಪಸ್ ಹೋಗಿ.
- "ನೋ ಪ್ರೀವಿಯಸ್ ಪ್ರೋಟೊಟೈಪ್" ಅಂತ ರಾಶಿ ರಾಶಿ ವಾರ್ನಿಂಗ್. 6.8ನೇ ಕರ್ನಲ್‌ನಿಂದ ಈ ವಾರ್ನಿಂಗ್ ಎಲ್ಲಾ ಕಡೆ ಆನ್ ಆಗಿದೆ, ಹಳೇ ವೈಫೈ ಡ್ರೈವರ್‌ಗಳಲ್ಲಿ ಇದೇ ಪುಟಗಟ್ಟಲೆ ಬಂದು ನಿಜವಾದ ಎರರ್ ಅದರ ಮಧ್ಯೆ ಮುಚ್ಚಿಹೋಗತ್ತೆ.

## ಹಂತ 6: ಕೋಡ್ ಒಡೆದಿದ್ರೆ ತಿದ್ದೋದು

ಕರ್ನಲ್ ಒಳಗಿನ ಫಂಕ್ಷನ್‌ಗಳು ಹೀಗೇ ಇರತ್ತೆ ಅಂತ ಯಾರೂ ಭಾಷೆ ಕೊಟ್ಟಿಲ್ಲ. ಕರ್ನಲ್ ಒಳಗಿರೋ ಡ್ರೈವರ್‌ಗಳನ್ನ ಫಂಕ್ಷನ್ ಬದಲಾಯಿಸೋರೇ ತಿದ್ತಾರೆ, ಹೊರಗಿರೋದನ್ನ ನಾವೇ ತಿದ್ಕೋಬೇಕು. ಇತ್ತೀಚೆಗೆ ಹೆಚ್ಚು ಜನರನ್ನ ಕಾಡಿದ ಬದಲಾವಣೆಗಳು ಇವು:

- 6.4: ಕ್ಲಾಸ್_ಕ್ರಿಯೇಟ್‌ಗೆ ಕೊಡ್ತಿದ್ದ ದಿಸ್_ಮಾಡ್ಯೂಲ್ ಹೋಯ್ತು, ಈಗ ಹೆಸರು ಒಂದೇ ಕೊಡ್ಬೇಕು. "ಟೂ ಮೆನಿ ಆರ್ಗ್ಯುಮೆಂಟ್ಸ್" ಅಂತ ಬರತ್ತೆ.
- 6.12: ಎಎಸ್‌ಎಂ/ಅನ್‌ಅಲೈನ್‌ಡ್.ಎಚ್ ಫೈಲ್ ಲಿನಕ್ಸ್/ಅನ್‌ಅಲೈನ್‌ಡ್.ಎಚ್ ಜಾಗಕ್ಕೆ ಹೋಯ್ತು. "ನೋ ಸಚ್ ಫೈಲ್" ಅಂತ ಬರತ್ತೆ.
- 6.15: ಡೆಲ್_ಟೈಮರ್_ಸಿಂಕ್ ಪೂರ್ತಿ ಹೋಯ್ತು, ಟೈಮರ್_ಡಿಲೀಟ್_ಸಿಂಕ್ ಬಳಸ್ಬೇಕು. ಹೊಸ ಹೆಸರು 6.2ರಿಂದಲೇ ಇದೆ.
- 6.15: ಮೇಕ್‌ಫೈಲ್‌ನಲ್ಲಿ ಎಕ್ಸ್‌ಟ್ರಾ_ಸಿಫ್ಲ್ಯಾಗ್ಸ್ ಬರೆದ್ರೆ ಕರ್ನಲ್ ಅದನ್ನ ನೋಡೋದೇ ಇಲ್ಲ, ಸಿಸಿಫ್ಲ್ಯಾಗ್ಸ್-ವೈ ಅಂತ ಬರೀಬೇಕು.
- 6.16: ಫ್ರಮ್_ಟೈಮರ್ ಹೆಸರು ಟೈಮರ್_ಕಂಟೇನರ್_ಆಫ್ ಅಂತ ಆಯ್ತು.

ಇದರಲ್ಲಿ ಎಕ್ಸ್‌ಟ್ರಾ_ಸಿಫ್ಲ್ಯಾಗ್ಸ್ ವಿಷಯ ಬಹಳ ಮೋಸದ್ದು, ಯಾಕಂದ್ರೆ ಎರರ್ ಅದರ ಹೆಸರು ಹೇಳೋದೇ ಇಲ್ಲ. ರಿಯಲ್‌ಟೆಕ್ ಡ್ರೈವರ್‌ಗಳು ತಮ್ಮ ಇನ್‌ಕ್ಲೂಡ್ ಫೋಲ್ಡರ್ ದಾರಿಯನ್ನ ಅದರ ಮೂಲಕವೇ ಕೊಡೋದು, ಅದನ್ನ ಕರ್ನಲ್ ನೋಡದೇ ಹೋದ್ರೆ ಡ್ರೈವರ್‌ನ ಸ್ವಂತ ಹೆಡರ್ ಫೈಲೇ ಸಿಗಲ್ಲ ಅಂತ ಎರರ್ ಬರತ್ತೆ. ಫೈಲ್ ಕಣ್ಣೆದುರೇ ಇದೆ, ಕಂಪೈಲರ್ ಇಲ್ಲ ಅನ್ನತ್ತೆ. ಹಾಗಾದಾಗ ಮೊದಲು ಮೇಕ್‌ಫೈಲ್ ತೆಗೆದು ಈ ಹೆಸರು ಹುಡುಕಿ.

ಬದಲಿ ಏನು ಅಂತ ಊಹೆ ಮಾಡ್ಬೇಡಿ. ಕರ್ನಲ್ ಗಿಟ್ ಮರ ಇದ್ರೆ ಗಿಟ್ ಲಾಗ್ -ಎಸ್ ಕೊಟ್ಟು ಹೋದ ಫಂಕ್ಷನ್ ಹೆಸರು ಹಾಕಿ ಹುಡುಕಿ, ಅದನ್ನ ತೆಗೆದ ಕಮಿಟ್ ಸಿಗತ್ತೆ, ಬದಲಿಗೆ ಏನು ಬಳಸ್ಬೇಕು ಅಂತ ಕಮಿಟ್ ಮೆಸೇಜ್‌ನಲ್ಲೇ ಸಾಮಾನ್ಯವಾಗಿ ಬರೆದಿರ್ತಾರೆ, ಕರ್ನಲ್ ಒಳಗಿನ ಬೇರೆ ಡ್ರೈವರ್‌ಗಳನ್ನ ಹೇಗೆ ತಿದ್ದಿದ್ರು ಅಂತಾನೂ ಅಲ್ಲೇ ಕಾಣತ್ತೆ. ತಿದ್ದಿದ್ದನ್ನ ಲಿನಕ್ಸ್_ವರ್ಶನ್_ಕೋಡ್ ಪರೀಕ್ಷೆ ಒಳಗೆ ಇಡಿ, ಹಳೇ ಕರ್ನಲ್ ಬಳಸೋರಿಗೂ ಬಿಲ್ಡ್ ಆಗ್ಲಿ.

ರೆಡ್ ಹ್ಯಾಟ್ ಕುಟುಂಬದಲ್ಲಿ ಮಾತ್ರ ಈ ನಂಬರ್ ಪರೀಕ್ಷೆ ಕೈ ಕೊಡತ್ತೆ. ಆರ್‌ಎಚ್‌ಇಎಲ್ 9ರ ಕರ್ನಲ್ 5.14 ಅಂತ ಹೇಳ್ಕೊಳ್ಳತ್ತೆ, ಆದ್ರೆ ಒಳಗೆ ಅದಕ್ಕಿಂತ ಎಷ್ಟೋ ಹೊಸ ಕೋಡ್ ತಂದು ಸೇರಿಸಿರ್ತಾರೆ. ಅಲ್ಲಿಗೆ ಆರ್‌ಎಚ್‌ಇಎಲ್_ರಿಲೀಸ್_ಕೋಡ್ ಬೇರೆಯಾಗಿ ನೋಡಿ, ಅಥವಾ ಎನ್ವಿಡಿಯಾ ಡ್ರೈವರ್ ಮಾಡೋ ಹಾಗೆ ಬಿಲ್ಡ್ ಮುಂಚೆ ಚಿಕ್ಕ ಚಿಕ್ಕ ತುಣುಕು ಕಂಪೈಲ್ ಮಾಡಿ ಫಂಕ್ಷನ್ ಇದೆಯಾ ಇಲ್ವಾ ಅಂತ ಪರೀಕ್ಷಿಸಿ. ಎರಡನೇ ದಾರಿ ಶುರುವಿಗೆ ಕೆಲಸ ಜಾಸ್ತಿ, ಆಮೇಲೆ ನೆಮ್ಮದಿ.

ಒಂದು ಎಚ್ಚರಿಕೆಯನ್ನ ದಯವಿಟ್ಟು ಗಂಭೀರವಾಗಿ ತಗೊಳ್ಳಿ. ಎರರ್ ಬರೋ ಸಾಲನ್ನ ಕಾಮೆಂಟ್ ಮಾಡಿ ಬಿಲ್ಡ್ ಮುಗಿಸ್ಬೇಡಿ. ಡೆಲ್_ಟೈಮರ್_ಸಿಂಕ್ ಸಾಲನ್ನೇ ತೆಗೊಳ್ಳಿ, ಅದನ್ನ ಅಳಿಸಿದ್ರೆ ಕಂಪೈಲ್ ನೀಟಾಗಿ ಆಗತ್ತೆ, ವೈಫೈ ಕೂಡ ಬರತ್ತೆ. ಆದ್ರೆ ಡಾಂಗಲ್ ಕಿತ್ತಾಗ ಟೈಮರ್ ನಿಲ್ಲಿಸೋರು ಯಾರೂ ಇರಲ್ಲ, ಬಿಟ್ಟುಕೊಟ್ಟ ಮೆಮೊರಿ ಮೇಲೆ ಅದು ಹೋಗಿ ಓಡತ್ತೆ, ಇಡೀ ಸಿಸ್ಟಮ್ ಹ್ಯಾಂಗ್ ಆಗತ್ತೆ, ಉಳಿಸದೇ ಇದ್ದ ಕೆಲಸ ಹೋಗತ್ತೆ. ಇಂಥಾ ಪ್ಯಾಚ್ ಹಂಚಿದ್ರೆ ಅದನ್ನ ನಂಬಿ ಹಾಕ್ಕೊಂಡವರ ಮೆಷಿನ್ನೂ ಹಾಳು.

## ಹಂತ 7: ಡಿಕೆಎಂಎಸ್ ಕಾನ್ಫಿಗ್ ಸರಿ ಮಾಡೋದು

ಕೈಯಾರೆ ಮೇಕ್ ಓಡಿಸಿದ್ರೆ ಬಿಲ್ಡ್ ಆಗತ್ತೆ, ಕರ್ನಲ್ ಅಪ್‌ಡೇಟ್ ಟೈಮಲ್ಲಿ ಮಾತ್ರ ಆಗಲ್ಲ ಅನ್ನೋರ ತೊಂದರೆ ಹೆಚ್ಚಾಗಿ ಇಲ್ಲೇ ಇರತ್ತೆ. ಮೇಕ್‌ಫೈಲ್ ಒಳಗೆ ಕರ್ನಲ್ ನಂಬರ್ ತಿಳಿಯೋಕೆ ಯುನೇಮ್ -ಆರ್ ಬರೆದಿರ್ತಾರೆ. ಯುನೇಮ್ ಹೇಳೋದು ಈಗ ಓಡ್ತಿರೋ ಕರ್ನಲ್, ಅಪ್‌ಡೇಟ್ ಆಗೋವಾಗ ಬಿಲ್ಡ್ ಆಗ್ಬೇಕಾಗಿರೋದು ಹೊಸದಾಗಿ ಬಂದಿರೋ, ಇನ್ನೂ ಓಡದೇ ಇರೋ ಕರ್ನಲ್‌ಗೆ. ಹಾಗಾಗಿ ಡಿಕೆಎಂಎಸ್ ಹೊಸ ಕರ್ನಲ್‌ಗೆ ಅಂದ್ಕೊಂಡು ಹಳೇ ಕರ್ನಲ್‌ಗೇ ಬಿಲ್ಡ್ ಮಾಡಿ ಹೊಸ ಫೋಲ್ಡರ್‌ನಲ್ಲಿ ಇಡತ್ತೆ, ಎರರ್ ಕೂಡ ಬರಲ್ಲ, ರೀಬೂಟ್ ಆದ್ಮೇಲೆ ವೈಫೈ ಇಲ್ಲ. ಡಿಕೆಎಂಎಸ್.ಕಾನ್ಫ್ ಫೈಲ್‌ನ ಮೇಕ್ ಸಾಲಿನಲ್ಲಿ ಕರ್ನಲ್‌ವರ್ ವೇರಿಯಬಲ್ ಬಳಸಿ ಅದನ್ನೇ ಮೇಕ್‌ಫೈಲ್‌ಗೆ ದಾಟಿಸಿ, ಯುನೇಮ್ ಪೂರ್ತಿ ತೆಗೆದುಬಿಡಿ.

ಉಳಿದಂತೆ ಪ್ಯಾಕೇಜ್_ನೇಮ್ ಮತ್ತೆ ಪ್ಯಾಕೇಜ್_ವರ್ಶನ್ ಎರಡೂ /ಯುಎಸ್‌ಆರ್/ಎಸ್‌ಆರ್‌ಸಿ ಒಳಗಿನ ಫೋಲ್ಡರ್ ಹೆಸರಿಗೆ ತಾಳೆ ಆಗ್ಬೇಕು, ಆಟೋಇನ್‌ಸ್ಟಾಲ್ ಯೆಸ್ ಇರ್ಬೇಕು. ಬಿಲ್ಡ್_ಎಕ್ಸ್‌ಕ್ಲೂಸಿವ್_ಕರ್ನಲ್ ಸಾಲಿನಲ್ಲಿ ಬಿಲ್ಡ್ ಆಗೋ ಕರ್ನಲ್‌ಗಳಿಗೆ ಮಾತ್ರ ಹೊಂದೋ ಹಾಗೆ ಬರೆದು, ಆಗಲ್ಲ ಅಂತ ಗೊತ್ತಿರೋದನ್ನ ಹೊರಗಿಡಿ. ಇಲ್ಲದಿದ್ರೆ ನಿಮ್ಮ ಮಾಡ್ಯೂಲ್ ಫೇಲ್ ಆಗಿ ಬಳಕೆದಾರರ ಕರ್ನಲ್ ಪ್ಯಾಕೇಜೇ ಅರ್ಧ ಕಾನ್ಫಿಗರ್ ಆಗಿ ನಿಲ್ಲತ್ತೆ, ಆಮೇಲೆ ಪ್ಯಾಕೇಜ್ ಹಾಕೋ ಏಪಿಟಿ ಪ್ರತೀ ಸಲ ಅದೇ ಎರರ್ ತೋರಿಸತ್ತೆ.

ಈಗಾಗ್ಲೇ ಹಾಗೆ ಸಿಕ್ಕಿಕೊಂಡಿದ್ರೆ ಡಿಕೆಎಂಎಸ್ ಸ್ಟೇಟಸ್ ನೋಡಿ ಕೆಟ್ಟ ಮಾಡ್ಯೂಲಿನ ಹೆಸರು, ವರ್ಶನ್ ತಿಳ್ಕೊಂಡು, ಡಿಕೆಎಂಎಸ್ ರಿಮೂವ್ ಮಾಡಿ ಹೆಸರು/ವರ್ಶನ್ ಜೊತೆ --ಆಲ್ ಕೊಡಿ, ಆಮೇಲೆ ಡಿಪಿಕೆಜಿ --ಕಾನ್ಫಿಗರ್ -ಎ. ಈ ಕ್ರಮ ತಿರುಗಿಸಿದ್ರೆ ಎರಡನೇದು ಮತ್ತೆ ಅಲ್ಲೇ ಎಡವತ್ತೆ.

ಫೆಡೋರಾದಲ್ಲಿ ಆರ್‌ಪಿಎಂ ಫ್ಯೂಶನ್‌ನ ಏಕೆಮಾಡ್ ಪ್ಯಾಕೇಜ್ ಹಾಕಿದ್ರೆ ಬಿಲ್ಡ್ ಹಿನ್ನೆಲೆಯಲ್ಲಿ ನಡೆಯತ್ತೆ. ಇನ್‌ಸ್ಟಾಲ್ ಮುಗೀತು ಅಂತ ತಕ್ಷಣ ರೀಬೂಟ್ ಮಾಡ್ಬೇಡಿ, ಕೆಲವು ನಿಮಿಷ ಬಿಟ್ಟು ಮಾಡ್‌ಇನ್ಫೋ -ಎಫ್ ವರ್ಶನ್ ಎನ್ವಿಡಿಯಾ ಅಂತ ಕೇಳಿ, ನಂಬರ್ ಬಂದ್ಮೇಲೆ ರೀಬೂಟ್.

## ಹಂತ 8: ಸೆಕ್ಯೂರ್ ಬೂಟ್ ಮತ್ತು ಸಹಿ

ಬಿಲ್ಡ್ ಪೂರ್ತಿ ಆಗಿದೆ, ಮಾಡ್‌ಪ್ರೋಬ್ ಮಾಡಿದ್ರೆ "ಕೀ ವಾಸ್ ರಿಜೆಕ್ಟೆಡ್ ಬೈ ಸರ್ವೀಸ್" ಅಂತ ಬಂತಾ? ಕಂಪೈಲರ್ ಕಡೆ ತಿರುಗಿ ನೋಡೋದೇ ಬೇಡ. ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್ ಓಡಿಸಿ, ಎನೇಬಲ್ಡ್ ಅಂದ್ರೆ ಸೆಕ್ಯೂರ್ ಬೂಟ್ ಆನ್ ಇದೆ, ಸಹಿ ಇಲ್ಲದ ಅಥವಾ ಗುರುತಿಲ್ಲದ ಕೀಯಿಂದ ಸಹಿ ಮಾಡಿದ ಮಾಡ್ಯೂಲನ್ನ ಕರ್ನಲ್ ಒಳಗೆ ಬಿಡಲ್ಲ.

ಉಬುಂಟುನಲ್ಲಿ ಸಹಿ ಮಾಡೋ ಕೀ (ಮೋಕ್) ಇರೋದು /ವಾರ್/ಲಿಬ್/ಶಿಮ್-ಸೈನ್ಡ್/ಮೋಕ್/ ಒಳಗೆ, ಡೆಬಿಯನ್‌ನ ಹೊಸ ಡಿಕೆಎಂಎಸ್‌ನಲ್ಲಿ /ವಾರ್/ಲಿಬ್/ಡಿಕೆಎಂಎಸ್/ಮೋಕ್.ಪಬ್. ಮೋಕ್‌ಯುಟಿಲ್ --ಇಂಪೋರ್ಟ್ ಮಾಡಿ ಅದರ ದಾರಿ ಕೊಟ್ರೆ ಒಂದು ಪಾಸ್‌ವರ್ಡ್ ಕೇಳತ್ತೆ, ಇದು ಒಂದೇ ಸಲಕ್ಕೆ, ಸರಳವಾದ್ದು ಕೊಡಿ, ಚಿಹ್ನೆಗಳು ಬೇಡ, ಮುಂದಿನ ಸ್ಕ್ರೀನ್‌ನಲ್ಲಿ ಕೀಬೋರ್ಡ್ ಲೇಔಟ್ ಬೇರೆ ಇರ್ಬಹುದು. ರೀಬೂಟ್ ಮಾಡಿದ ಕೂಡ್ಲೇ ನೀಲಿ ಸ್ಕ್ರೀನ್ ಬರತ್ತೆ, ಕೆಲವೇ ಸೆಕೆಂಡಲ್ಲಿ ಒಂದು ಕೀ ಒತ್ತಬೇಕು, ಎನ್‌ರೋಲ್ ಮೋಕ್, ಕಂಟಿನ್ಯೂ, ಯೆಸ್, ಪಾಸ್‌ವರ್ಡ್. ಟೀ ತರೋಕೆ ಎದ್ದು ಹೋದ್ರೆ ಅದು ತಾನಾಗೇ ಮುಂದೆ ಹೋಗಿಬಿಡತ್ತೆ, ಆಗ ಇಂಪೋರ್ಟ್‌ನಿಂದ ಮತ್ತೆ ಶುರು ಮಾಡಿ.

ಸೆಕ್ಯೂರ್ ಬೂಟ್ ಆಫ್ ಮಾಡಿಬಿಡಿ ಅಂತ ಸುಲಭದ ಸಲಹೆ ಕೊಡೋರಿದಾರೆ. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಅದು ನಿಮ್ಮ ಕೈಯಲ್ಲಿ ಇರಲ್ಲ, ವಿಂಡೋಸ್ ಜೊತೆ ಡ್ಯುಯಲ್ ಬೂಟ್ ಇದ್ರೆ ಬಿಟ್‌ಲಾಕರ್ ರಿಕವರಿ ಕೀ ಕೇಳೋ ಸಾಧ್ಯತೆ ಇದೆ. ಕೀ ಸೇರಿಸೋದೇ ಸರಿಯಾದ ದಾರಿ. ಇನ್ನು ಡೆವಲಪರ್‌ಗಳು, ಸಹಿ ಮಾಡೋ ಖಾಸಗಿ ಕೀಯನ್ನ ಗಿಟ್‌ಗೆ ಹಾಕ್ಬೇಡಿ, ಪ್ಯಾಕೇಜ್ ಒಳಗೂ ಇಡ್ಬೇಡಿ. ನಿಮ್ಮ ಕೀಯನ್ನ ನಂಬಿ ಸೇರಿಸಿಕೊಂಡವರ ಕರ್ನಲ್‌ಗೆ ಆಮೇಲೆ ಯಾರು ಬೇಕಾದ್ರೂ ಏನು ಬೇಕಾದ್ರೂ ನುಗ್ಗಿಸ್ಬಹುದು.

## ಹಂತ 9: ಲೋಡ್ ಮಾಡಿ ಡಿಮೆಸೇಜ್ ನೋಡಿ

ಮೊದಲು ಮಾಡ್‌ಇನ್ಫೋ -ಎನ್ ಮಾಡ್ಯೂಲ್ ಹೆಸರು. ಇದು ಲೋಡ್ ಆಗೋ ಫೈಲಿನ ನಿಜವಾದ ದಾರಿ ಹೇಳತ್ತೆ. ಯಾವತ್ತೋ ಮೇಕ್ ಇನ್‌ಸ್ಟಾಲ್ ಮಾಡಿ ಬಿಟ್ಟಿದ್ದ ಹಳೇ ಫೈಲ್ ಇನ್ನೂ ಕೂತಿದ್ದು ಅದೇ ಲೋಡ್ ಆಗ್ತಿರ್ಬಹುದು, ನೀವು ಹೊಸದನ್ನ ಎಷ್ಟು ಸಲ ತಿದ್ದಿ ಬಿಲ್ಡ್ ಮಾಡಿದ್ರೂ ವ್ಯತ್ಯಾಸ ಕಾಣಲ್ಲ. ದಾರಿ ನೋಡಿ, ಹಳೇದನ್ನ ತೆಗೆದು, ಡೆಪ್‌ಮಾಡ್ -ಎ ಓಡಿಸಿ. ಆಮೇಲೆ ಮಾಡ್‌ಪ್ರೋಬ್.

ಡಿಮೆಸೇಜ್ ಓಡಿಸಿದಾಗ ಬರೋ ಕರ್ನಲ್ ಮೆಸೇಜ್ ನೋಡಿದ್ರೆ ಯಾವ ಹಂತಕ್ಕೆ ವಾಪಸ್ ಹೋಗ್ಬೇಕು ಅಂತ ಗೊತ್ತಾಗತ್ತೆ. "ವರ್ಶನ್ ಮ್ಯಾಜಿಕ್ ... ಶುಡ್ ಬಿ" ಅಂದ್ರೆ ಹಂತ 3 ಅಥವಾ 7, ಬೇರೆ ಕರ್ನಲ್‌ಗೆ ಬಿಲ್ಡ್ ಆಗಿದೆ. "ಅನ್‌ನೋನ್ ಸಿಂಬಲ್" ಅಂದ್ರೆ ಇದು ಅವಲಂಬಿಸಿರೋ ಇನ್ನೊಂದು ಮಾಡ್ಯೂಲ್ ಲೋಡ್ ಆಗಿಲ್ಲ, ಇನ್ಸ್‌ಮಾಡ್ ಬಿಟ್ಟು ಮಾಡ್‌ಪ್ರೋಬ್ ಬಳಸಿ, ಅದು ಅವಲಂಬನೆಗಳನ್ನೂ ಎಳ್ಕೊಂಡು ಬರತ್ತೆ. "ಡೈರೆಕ್ಟ್ ಫರ್ಮ್‌ವೇರ್ ಲೋಡ್ ... ಎರರ್ -2" ಅಂದ್ರೆ ಫರ್ಮ್‌ವೇರ್ ಫೈಲ್ ಇಲ್ಲ. ಡೆಬಿಯನ್ 12ರಿಂದ ಇದಕ್ಕೆ ನಾನ್-ಫ್ರೀ-ಫರ್ಮ್‌ವೇರ್ ಅನ್ನೋ ಬೇರೆ ವಿಭಾಗ ಇದೆ, ಹಳೇ ವರ್ಶನ್‌ನಿಂದ ಅಪ್‌ಗ್ರೇಡ್ ಆದವ್ರು ಸೋರ್ಸಸ್ ಲಿಸ್ಟ್‌ನಲ್ಲಿ ಅದನ್ನ ಸೇರಿಸದೇ ಇರೋದು ತುಂಬಾ ಸಾಮಾನ್ಯ. "ಟೇಂಟ್ಸ್ ಕರ್ನಲ್" ಅಂತ ಬಂದ್ರೆ ಚಿಂತೆ ಬೇಡ, ಹೊರಗಿನ ಮಾಡ್ಯೂಲ್ ಬಂತು ಅಂತ ಕರ್ನಲ್ ಗುರುತು ಹಾಕ್ಕೊಳ್ತಿದೆ.

ಒಳಗಿನ ಡ್ರೈವರ್, ಹೊರಗಿನ ಡ್ರೈವರ್ ಎರಡೂ ಒಂದೇ ಚಿಪ್ ಹಿಡಿಯೋಕೆ ಹೋದ್ರೆ /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೆ ಬೇಡದ್ದನ್ನ ಬ್ಲ್ಯಾಕ್‌ಲಿಸ್ಟ್ ಮಾಡಿ, ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು ಓಡಿಸಿ ರೀಬೂಟ್ ಮಾಡಿ.

## ಹಂತ 10: ಬೇರೆಯವ್ರಿಗೆ ಕೊಡೋ ಹಾಗೆ ಪ್ಯಾಕೇಜ್ ಮಾಡೋದು

ನಿಮ್ಮ ಮೆಷಿನ್‌ನಲ್ಲಿ ಬಿಲ್ಡ್ ಆಗಿದ್ದು ಪ್ಯಾಕೇಜ್ ಸರಿ ಇದೆ ಅನ್ನೋದಕ್ಕೆ ಸಾಕ್ಷಿ ಅಲ್ಲ, ಅಲ್ಲಿ ವರ್ಷಗಳಿಂದ ಹಾಕಿರೋ ನೂರಾರು ಲೈಬ್ರರಿ ಇರತ್ತೆ. ಎಸ್‌ಬಿಲ್ಡ್ ಅಥವಾ ಖಾಲಿ ಕಂಟೇನರ್‌ನಲ್ಲಿ ಬಿಲ್ಡ್ ಮಾಡಿ, ಬಿಲ್ಡ್-ಡಿಪೆಂಡ್ಸ್‌ನಲ್ಲಿ ಮರೆತಿದ್ದು ಆಗ ಹೊರಗೆ ಬರತ್ತೆ.

ಡೆಬಿಯನ್ ಪ್ಯಾಕೇಜ್‌ಗೆ ಡಿಎಚ್-ಸೀಕ್ವೆನ್ಸ್-ಡಿಕೆಎಂಎಸ್ ಬಳಸಿ, ಇನ್‌ಸ್ಟಾಲ್ ಮತ್ತೆ ರಿಮೂವ್ ಸ್ಕ್ರಿಪ್ಟ್‌ಗಳನ್ನ ಅದೇ ಬರೆದುಕೊಡತ್ತೆ. ಕೈಯಾರೆ ಪೋಸ್ಟ್‌ಇನ್‌ಸ್ಟ್ ಬರೆದವ್ರು ರಿಮೂವ್ ಕಡೆ ಮರೀತಾರೆ, ಹಳೇ ವರ್ಶನ್‌ಗಳು /ಯುಎಸ್‌ಆರ್/ಎಸ್‌ಆರ್‌ಸಿಯಲ್ಲಿ ಹಾಗೇ ಉಳಿದು ಮುಂದಿನ ಕರ್ನಲ್‌ಗೆ ಅವೂ ಬಿಲ್ಡ್ ಆಗೋಕೆ ಹೋಗಿ ಫೇಲ್ ಆಗತ್ತೆ. ಪ್ಯಾಕೇಜ್ ಹೆಸರು -ಡಿಕೆಎಂಎಸ್ ಅಂತ ಮುಗೀಲಿ, ಆರ್ಕಿಟೆಕ್ಚರ್ ಆಲ್ ಇರ್ಲಿ, ಯಾವುದೇ ಒಂದು ನಂಬರಿನ ಹೆಡರ್‌ಗೆ ಡಿಪೆಂಡ್ಸ್ ಹಾಕ್ಬೇಡಿ.

ಡ್ರೈವರ್ ಜೊತೆ ಚಿಕ್ಕ ಸಿ ಟೂಲ್ ಏನಾದ್ರೂ ಇದ್ರೆ ಅದರ ಕಂಪೈಲರ್ ತೊಂದರೆ ಬೇರೆ ಥರ. ಜಿಸಿಸಿ 10ರಿಂದ ಹೆಡರ್‌ನಲ್ಲಿ ಗ್ಲೋಬಲ್ ವೇರಿಯಬಲನ್ನ ಎಕ್ಸ್‌ಟರ್ನ್ ಇಲ್ಲದೇ ಬರೆದ್ರೆ ಲಿಂಕ್ ಮಾಡೋವಾಗ "ಮಲ್ಟಿಪಲ್ ಡೆಫಿನಿಶನ್". ಜಿಸಿಸಿ 14ರಿಂದ ಘೋಷಿಸದ ಫಂಕ್ಷನ್ ಕರೆದ್ರೆ ವಾರ್ನಿಂಗ್ ಅಲ್ಲ, ನೇರ ಎರರ್, ಬಹುಪಾಲು ಒಂದು ಇನ್‌ಕ್ಲೂಡ್ ಮರೆತಿರ್ತೀರ. ಜಿಸಿಸಿ 15ರಲ್ಲಿ ಡಿಫಾಲ್ಟ್ ಭಾಷೆ ಸಿ23 ಆಯ್ತು, ಬೂಲ್ ಅಂತ ಸ್ವಂತ ಟೈಪ್‌ಡೆಫ್ ಮಾಡ್ಕೊಂಡಿರೋ ಹಳೇ ಕೋಡ್ ಅಲ್ಲಿ ನಿಲ್ಲತ್ತೆ. ಸದ್ಯಕ್ಕೆ -ಎಸ್‌ಟಿಡಿ=ಜಿಎನ್‌ಯು17 ಕೊಟ್ಟು ದಾಟ್ಬಹುದು, ಆದ್ರೆ ಕೋಡ್ ತಿದ್ದೋದನ್ನ ಮುಂದೂಡ್ಬೇಡಿ.

ಬೈನರಿ ಹಂಚೋದಾದ್ರೆ ನೀವು ಬೆಂಬಲಿಸೋ ಡಿಸ್ಟ್ರೋಗಳಲ್ಲಿ ಅತಿ ಹಳೇದರಲ್ಲಿ ಬಿಲ್ಡ್ ಮಾಡಿ. ಉಬುಂಟು 24.04ರ ಜಿಲಿಬ್‌ಸಿ (ಬಹುಪಾಲು ಪ್ರೋಗ್ರಾಂ ಬಳಸೋ ಮೂಲ ಸಿ ಲೈಬ್ರರಿ) 2.39, 22.04ರದ್ದು 2.35, ಡೆಬಿಯನ್ 12ರದ್ದು 2.36. ಹೊಸದರಲ್ಲಿ ಕಟ್ಟಿದ್ದು ಹಳೇದರಲ್ಲಿ "ಜಿಲಿಬ್‌ಸಿ ನಾಟ್ ಫೌಂಡ್" ಅಂತ ನಿಲ್ಲೋ ಸಾಧ್ಯತೆ ಹೆಚ್ಚು, ಹಳೇದರಲ್ಲಿ ಕಟ್ಟಿದ್ದು ಹೊಸದರಲ್ಲಿ ಓಡತ್ತೆ. ಬಳಕೆದಾರರಿಗೆ ಜಿಲಿಬ್‌ಸಿ ಅಪ್‌ಗ್ರೇಡ್ ಮಾಡ್ಕೊಳ್ಳಿ ಅಂತ ಯಾವತ್ತೂ ಹೇಳ್ಬೇಡಿ, ಸಿಸ್ಟಮ್ ಬೂಟ್ ಆಗದೇ ಹೋಗ್ಬಹುದು.

ಬಿಲ್ಡ್ ಪರೀಕ್ಷೆಗೆ ಆ ಕರ್ನಲ್ ಬೂಟ್ ಮಾಡೋ ಅಗತ್ಯ ಇಲ್ಲ, ಹೆಡರ್ ಇದ್ರೆ ಸಾಕು. ಕಂಟೇನರ್ ಒಳಗೆ ನಾಲ್ಕೈದು ಕರ್ನಲ್‌ಗಳ ಹೆಡರ್ ಹಾಕಿ ಡಿಕೆಎಂಎಸ್ ಬಿಲ್ಡ್ ಜೊತೆ -ಕೆ ಕೊಟ್ಟು ಒಂದೊಂದಾಗಿ ಓಡಿಸಿ. ಕಂಟೇನರ್ ಒಳಗೆ ಯುನೇಮ್ ಕೇಳಿದ್ರೆ ಹೊರಗಿನ ಮೆಷಿನ್‌ನ ಕರ್ನಲ್ ಹೇಳತ್ತೆ, ಹಾಗಾಗಿ ಹಂತ 7ರಲ್ಲಿ ಹೇಳಿದ ತಪ್ಪು ಮೇಕ್‌ಫೈಲ್‌ನಲ್ಲಿ ಉಳಿದಿದ್ರೆ ಇಲ್ಲಿ ಸಿಕ್ಕಿಬೀಳತ್ತೆ. ಹೊಸ ಕರ್ನಲ್‌ನ ಆರ್‌ಸಿ (ಬಿಡುಗಡೆಗೆ ಮುಂಚಿನ ಪರೀಕ್ಷಾ ವರ್ಶನ್) ಬಂದಾಗ್ಲೇ ಅದಕ್ಕೂ ಓಡಿಸಿದ್ರೆ, ಬಳಕೆದಾರರಿಗೆ ಅಪ್‌ಡೇಟ್ ತಲುಪೋ ಮೊದಲು ತಿದ್ದೋಕೆ ಕೆಲವು ವಾರ ಸಿಗತ್ತೆ.

## ಆದ್ರೂ ಆಗ್ಲಿಲ್ಲ ಅಂದ್ರೆ ಏನು ಕಳಿಸ್ಬೇಕು

ಮೇಕ್.ಲಾಗ್ ಪೂರ್ತಿ ಫೈಲು, /ಪ್ರಾಕ್/ವರ್ಶನ್, ಡಿಕೆಎಂಎಸ್ ಸ್ಟೇಟಸ್, ಚಿಪ್‌ನ ಐಡಿ, ಸೆಕ್ಯೂರ್ ಬೂಟ್ ಸ್ಥಿತಿ, ಡ್ರೈವರ್ ರೆಪೊಸಿಟರಿಯ ಕಮಿಟ್ ನಂಬರ್. ಮೊಬೈಲಲ್ಲಿ ಹೊಡೆದ ಸ್ಕ್ರೀನ್ ಫೋಟೋ ಬೇಡ, ಅದರಲ್ಲಿ ಮೊದಲ ಎರರ್ ಯಾವಾಗ್ಲೂ ಮೇಲೆ ಕತ್ತರಿಸಿ ಹೋಗಿರತ್ತೆ. ಹಳೇ ಕರ್ನಲ್‌ನಲ್ಲಿ ಕೆಲಸ ಮಾಡ್ತಿತ್ತಾ, ಮಾಡ್ತಿದ್ರೆ ಅದರ ನಂಬರ್ ಏನು ಅಂತ ಒಂದು ಸಾಲು ಬರೀರಿ, ಮೇಂಟೇನರ್ ಮೊದಲು ಕೇಳೋ ಪ್ರಶ್ನೆ ಅದೇ.